ಬಲೆ ಹರಿದಾಗ ಮೊದಲು ಕತ್ತರಿ

ಜುಲೈ ತಿಂಗಳಿನಲ್ಲಿ ಕಾರವಾರದ ಬೈತಖೋಲ್ ಬಂದರಿನಲ್ಲಿ ಮೀನಿಗಿಂತ ಬಣ್ಣ, ಡೀಸೆಲ್, ಒದ್ದೆ ನೈಲಾನ್ ಇವುಗಳ ವಾಸನೆಯೇ ಜಾಸ್ತಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿಗೆ ಮೊಟ್ಟೆಯಿಡುವ ಕಾಲ, ಕಡಲಿಗೆ ಸಿಟ್ಟಿನ ಕಾಲ. ಬೇಲೆಕೇರಿ, ತದಡಿ, ಹೊನ್ನಾವರದ ಕಾಸರಕೋಡು, ಭಟ್ಕಳ, ಎಲ್ಲ ಕಡೆಯೂ ಇದೇ ನೋಟ: ಸಾಲಾಗಿ ಕಟ್ಟಿದ ದೋಣಿಗಳು, ತಾಡಪಾಲಿನ ಕೆಳಗೆ ಗುಡ್ಡೆ ಬಿದ್ದ ಬಲೆ, ನಡುವೆ ಕಾಲು ಚಾಚಿ ಕುಳಿತು ಬಲೆಯ ಒಂದೊಂದೇ ಕಣ್ಣು ನೋಡುತ್ತಿರುವವರು. ದಾರಿಹೋಕರಿಗೆ ಇದು ಕೆಲಸ ನಿಂತ ಕಾಲ. ಬಲೆಯ ಮುಂದೆ ಕುಳಿತವನಿಗೆ ಮಾತ್ರ ಗೊತ್ತು, ಮುಂದಿನ ಹತ್ತು ತಿಂಗಳ ದುಡಿಮೆ ಇಲ್ಲಿಯೇ ತೀರ್ಮಾನವಾಗುತ್ತದೆಂದು.

ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದ 19ನೇ ವಚನದಲ್ಲಿ ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನರು ಇದೇ ಕೆಲಸದಲ್ಲಿದ್ದಾರೆ. ದೋಣಿಯಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದಾರೆ. ಅಲ್ಲಿ ಬಳಸಿದ ಗ್ರೀಕ್ ಕ್ರಿಯಾಪದ ‘ಕಟಾರ್ಟಿಜೊ’. ಪೌಲನು ಗಲಾತ್ಯದವರಿಗೆ ಬರೆಯುತ್ತ (6:1), ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಮೃದುವಾಗಿ ಸರಿಪಡಿಸಿ ಎನ್ನುವಾಗಲೂ ಅದೇ ಪದ. ಸ್ವಲ್ಪ ಕಾಲ ಬಾಧೆಪಟ್ಟ ಮೇಲೆ ದೇವರೇ ನಿಮ್ಮನ್ನು ನೆಟ್ಟಗೆ ಮಾಡುತ್ತಾನೆ ಎಂಬ ಪೇತ್ರನ ಮೊದಲ ಪತ್ರದ ಮಾತಿನಲ್ಲೂ (5:10) ಅದೇ. ಪತ್ರದ ಮೇಲಿರುವುದು ಒಬ್ಬ ಮೀನುಗಾರನ ಹೆಸರು, ನೆನಪಿರಲಿ. ಕನ್ನಡಕ್ಕೆ ಬರುವಾಗ ಒಂದೊಂದು ಕಡೆ ಒಂದೊಂದು ಮಾತಾಗಿರುವುದರಿಂದ ನಮಗೆ ಈ ನಂಟು ಕಾಣುವುದಿಲ್ಲ. ಆತ್ಮಬಲ, ಉಜ್ಜೀವನ, ನವಚೈತನ್ಯ ಎಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ಬೆಂಕಿ, ಬಿರುಗಾಳಿ, ಧ್ವನಿವರ್ಧಕ. ಹೊಸ ಒಡಂಬಡಿಕೆಗೆ ಬಲೆ ಹೆಣೆಯುವವನ ಬೆರಳುಗಳೂ ನೆನಪಾಗಿವೆ.

ಬಲೆ ರಿಪೇರಿಯ ಮೊದಲ ಹೆಜ್ಜೆ ಹೊಲಿಗೆಯಲ್ಲ, ಕತ್ತರಿ. ಹರಿದ ಜಾಗದ ಅಂಚಿನ ಕಣ್ಣುಗಳು ನೋಡಲು ಸರಿಯಿದ್ದರೂ ಅರ್ಧ ಸವೆದಿರುತ್ತವೆ. ಅವಕ್ಕೇ ಹೊಸ ದಾರ ಕಟ್ಟಿದರೆ ಮುಂದಿನ ಎಳೆತಕ್ಕೆ ಹೊಸ ಗಂಟು ಉಳಿದು ಪಕ್ಕದ ಹಳೆ ದಾರ ಕಿತ್ತು ಬರುತ್ತದೆ. ಆದ್ದರಿಂದ ಗಟ್ಟಿ ಕಣ್ಣು ಸಿಗುವ ತನಕ ಸವೆದದ್ದನ್ನೆಲ್ಲ ಕತ್ತರಿಸಬೇಕು. ಅಂಗೈಯಗಲದ ತೂತು ಮೊರದಗಲ ಆಗುತ್ತದೆ. ಬಲೆಯ ಒಂದು ಗಂಟಿನಿಂದ ನಾಲ್ಕು ಎಳೆ ಹೊರಡುತ್ತವಲ್ಲ, ಅದರಲ್ಲಿ ಮೂರು ಉಳಿದಿರುವ ಗಂಟೊಂದನ್ನು ಹುಡುಕಿ ಅಲ್ಲಿಂದ ಹೆಣಿಗೆ ಶುರು, ಇನ್ನೊಂದು ಮೂರೆಳೆಯ ಗಂಟಿನಲ್ಲಿ ಮುಕ್ತಾಯ. ಹೊಸ ಕಣ್ಣಿನ ಅಳತೆ ಹಳೆಯದಕ್ಕೆ ಸರಿಹೊಂದಬೇಕು. ಬಿಗಿಯಾದರೆ ಭಾರವೆಲ್ಲ ಅಲ್ಲಿಗೇ ಬಂದು, ಪಕ್ಕದಲ್ಲಿ ಹರಿಯುತ್ತದೆ.

ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಳ್ಳುವ ಪಾಪನಿವೇದನೆ ಅನೇಕರಿಗೆ ಫಲ ಕೊಡದಿರುವುದು ಈ ಕತ್ತರಿಯ ಕೆಲಸ ಬಿಟ್ಟುಹೋಗುವುದರಿಂದ. ‘ಸಿಟ್ಟು ಮಾಡಿದ್ದೇನೆ, ಸುಳ್ಳು ಹೇಳಿದ್ದೇನೆ, ಪ್ರಾರ್ಥನೆ ತಪ್ಪಿಸಿದ್ದೇನೆ’ ಎಂಬ ಮೂರು ವಾಕ್ಯ ಪ್ರತಿ ವರ್ಷ ಅದೇ ಕ್ರಮದಲ್ಲಿ ಬರುತ್ತದೆ. ಸವೆದ ಅಂಚಿಗೆ ಕಟ್ಟಿದ ದಾರ ಅದು. ಕಥೋಲಿಕ ಧರ್ಮಸಭೆಯ ನಿಯಮ ಗಂಭೀರ ಪಾಪಗಳನ್ನು ಅವುಗಳ ಬಗೆ ಮತ್ತು ಸಂಖ್ಯೆಯೊಂದಿಗೆ ಹೇಳಬೇಕು ಎನ್ನುತ್ತದೆ, ವರ್ಷಕ್ಕೊಮ್ಮೆಯಾದರೂ ಹೇಳಬೇಕು ಎನ್ನುತ್ತದೆ. ಇದು ಗುಮಾಸ್ತನ ಲೆಕ್ಕದಂತೆ ಕೇಳಿಸಬಹುದು. ಆದರೆ ‘ಸಿಟ್ಟು ಮಾಡಿದ್ದೇನೆ’ ಎನ್ನುವುದಕ್ಕೂ ‘ಹಾದಿ ಜಾಗದ ವಿಷಯಕ್ಕೆ ತಮ್ಮನ ಸಂಗಡ ಮೂರು ವರ್ಷದಿಂದ ಮಾತು ಬಿಟ್ಟಿದ್ದೇನೆ’ ಎನ್ನುವುದಕ್ಕೂ ಎಷ್ಟು ಅಂತರ! ಎರಡನೆಯದನ್ನು ಹೇಳಿದ ಬಾಯಿಗೆ ಮುಂದೇನು ಮಾಡಬೇಕೆಂಬುದೂ ಗೊತ್ತಾಗಿಬಿಡುತ್ತದೆ.

ತಯಾರಿಗೆ ಹಿಂದಿನ ಸಂಜೆ ಅರ್ಧ ಗಂಟೆ ಸಾಕು. ಹತ್ತು ಆಜ್ಞೆಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು, ಹೆಸರು, ಜಾಗ, ಹಣ ಬರುವಂತೆ ಚೀಟಿಯಲ್ಲಿ ಬರೆಯಿರಿ: ಯಾರ ಬಗ್ಗೆ, ಎಲ್ಲಿ, ಎಷ್ಟು. ನಿವೇದನೆಯ ಹೊತ್ತಿಗೆ ಬೇರೆಯವರ ಹೆಸರು ಬೇಡ, ನಿಮ್ಮ ಕೃತ್ಯ ಸಾಕು. ಆಮೇಲೆ ಚೀಟಿಯನ್ನು ಒಲೆಗೆ ಹಾಕಿ. ಜೇಬಿನಲ್ಲಿ ಮರೆತ ಚೀಟಿ ಬಟ್ಟೆ ಒಗೆಯುವವರ ಕೈಗೆ ಸಿಕ್ಕರೆ ಮನೆಯಲ್ಲಿ ಬೇರೆಯದೇ ನ್ಯಾಯವಿಚಾರಣೆ ನಡೆಯುತ್ತದೆ. ಕರಾವಳಿಯ ದೇವಾಲಯಗಳಲ್ಲಿ ಗುರುಗಳು ಸಿಗುವುದು ಸುಲಭ, ಘಟ್ಟದ ಮೇಲೆ ಯಲ್ಲಾಪುರ, ಮುಂಡಗೋಡ, ಹಳಿಯಾಳ ಕಡೆಯ ಹಳ್ಳಿಗಳವರು ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಳ್ಳುವುದು ಒಳ್ಳೆಯದು. ಬಲಿಪೂಜೆಗೆ ಐದು ನಿಮಿಷ ಇರುವಾಗ ಸಾಲಿನಲ್ಲಿ ನಿಂತರೆ ನಿಮಗೂ ಅವಸರ, ಅವರಿಗೂ ಅವಸರ.

ಕ್ಷಮೆ ಸಿಕ್ಕ ಮೇಲೂ ಹೆಣಿಗೆ ಬಾಕಿಯಿರುತ್ತದೆ. ಲೂಕನ ಶುಭಸಂದೇಶದ ಸುಂಕವಸೂಲಿಗಾರ ಜಕ್ಕಾಯ ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸು ಕೊಡುವೆನೆಂದ. ಮತ್ತಾಯ 5:23-24ರಲ್ಲಿ ಯೇಸು ಹೇಳುವುದು, ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನ ಹತ್ತಿರ ಹೋಗು ಎಂದು. ಪಾಲಿನ ವ್ಯಾಜ್ಯ, ತೀರಿಸದ ಕೈಸಾಲ, ಮದುವೆಯೊಂದರಲ್ಲಿ ಆಡಿದ ಮಾತು: ನಮ್ಮ ಕಡೆಯ ಕುಟುಂಬಗಳಲ್ಲಿ ಪ್ರಾರ್ಥನೆ ಒಣಗಲು ಇವು ಮೂರೇ ಸಾಕಾದಷ್ಟು ಕಾರಣ. ತಪಸ್ಸುಕಾಲವಿಡೀ ಉಪವಾಸವಿದ್ದು ಇವುಗಳಲ್ಲಿ ಒಂದನ್ನೂ ಮುಟ್ಟದೆ ಈಸ್ಟರಿಗೆ ಬಂದವರಿಗೆ ಏನೂ ಹೊಸದೆನಿಸದಿದ್ದರೆ ಆಶ್ಚರ್ಯವಿಲ್ಲ.

ಪ್ರೊಟೆಸ್ಟೆಂಟ್ ಸಭೆಗಳವರು ಯಾಕೋಬ 5:16ನ್ನು ಹಿಡಿಯಬಹುದು: ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ. ಒಬ್ಬರೇ ಸಾಕು, ಬಾಯಿ ಭದ್ರವಿರುವವರು. ವಾಟ್ಸಾಪ್ ಗುಂಪು ಬೇಡವೇ ಬೇಡ. ‘ಪ್ರಾರ್ಥನಾ ವಿಷಯ’ ಎಂಬ ಹೆಸರಿನಲ್ಲಿ ಊರಿನ ಸುದ್ದಿಯೆಲ್ಲ ಓಡಾಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇದಕ್ಕೆ ವಿರುದ್ಧದ ಕಾಯಿಲೆಯೂ ಇದೆ. ಕೆಲವರು ಕತ್ತರಿ ಕೆಳಗಿಡುವುದೇ ಇಲ್ಲ. ಹೇಳಿ ಕ್ಷಮೆ ಪಡೆದ ಪಾಪವನ್ನೇ ಮತ್ತೆ ಮತ್ತೆ ಹೇಳುತ್ತಾರೆ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ರಾತ್ರಿ ಎದ್ದು ಕೂರುತ್ತಾರೆ. ಗಟ್ಟಿ ಬಲೆಯನ್ನೂ ಕತ್ತರಿಸುತ್ತ ಹೋದ ಹಾಗೆ. ಇಂಥವರಿಗೆ ಹಳೆಯ ಕಾಲದಿಂದ ಬಂದ ಮದ್ದು ಒಂದೇ: ಗುರುಗಳನ್ನು ಬದಲಿಸದೆ ಒಬ್ಬರ ಬಳಿಯೇ ಹೋಗಿ, ಅವರು ‘ಸಾಕು’ ಎಂದಲ್ಲಿ ನಿಲ್ಲಿಸುವುದು.

ಕತ್ತರಿಗಿಂತಲೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದು ನಿದ್ದೆ. 1 ಅರಸುಗಳು 19ನೇ ಅಧ್ಯಾಯದ ಪ್ರವಾದಿ ಎಲೀಯನನ್ನು ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದವನು ಮುಂದಿನ ಪುಟದಲ್ಲೇ ಮರುಭೂಮಿಯ ಗಿಡವೊಂದರ ಕೆಳಗೆ ಬಿದ್ದು ಸಾವು ಬೇಡುತ್ತಾನೆ. ದೇವದೂತ ಬಂದವನು ಉಪದೇಶ ಮಾಡುವುದಿಲ್ಲ, ‘ನಿನ್ನ ವಿಶ್ವಾಸ ಎಲ್ಲಿ ಹೋಯಿತು’ ಎನ್ನುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸುತ್ತಾನೆ. ಆ ಬಲದ ಮೇಲೆ 40 ಹಗಲು 40 ರಾತ್ರಿ ನಡೆದು ಹೋರೇಬ್ ಬೆಟ್ಟಕ್ಕೆ ಮುಟ್ಟಿದ ಮೇಲಷ್ಟೇ ದೇವರ ಸಣ್ಣ ದನಿ. ಆ ದನಿಯೂ ಸಮಾಧಾನದ ಮಾತಿನಲ್ಲಿ ಮುಗಿಯದೆ ಮೂರು ಕೆಲಸ ಹೇಳುತ್ತದೆ: ಹಜಾಯೇಲನಿಗೆ, ಯೇಹುವಿಗೆ, ಎಲೀಷನಿಗೆ ಅಭಿಷೇಕ. ಮೇಲೆ, ನೀನೊಬ್ಬನೇ ಉಳಿದಿಲ್ಲ, ಇನ್ನೂ 7,000 ಮಂದಿ ಇದ್ದಾರೆಂಬ ಲೆಕ್ಕ.

ಊಟ, ನಿದ್ದೆ, ನಡಿಗೆ, ದೇವರ ಮಾತು, ಕೆಲಸ, ಜೊತೆಗಾರರು. ಈ ಕ್ರಮವನ್ನು ತಲೆಕೆಳಗು ಮಾಡಿದವರೇ ಜಾಸ್ತಿ. ನಡುರಾತ್ರಿಯ ತನಕ ಮೊಬೈಲ್ ತಿಕ್ಕಿ, ಬೆಳಗ್ಗೆ ಐದಕ್ಕೆ ಎದ್ದು ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲವೆಂದರೆ ಅದು ಆತ್ಮದ ಬರಗಾಲವೇನಲ್ಲ. ಎರಡು ವಾರ ಏಳು ಗಂಟೆಯ ನಿದ್ದೆ ಮಾಡಿ ನೋಡಿ, ಆಮೇಲೆ ತೀರ್ಮಾನಿಸಿ. ಇನ್ನೊಂದನ್ನು ನೇರವಾಗಿ ಹೇಳಬೇಕು. ಎರಡು ವಾರ ಬಿಡದೆ ಮನಸ್ಸು ಕುಸಿದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಎಲೀಯನಂತೆ ಸಾವೇ ಲೇಸೆನಿಸುತ್ತಿದ್ದರೆ, ಅದಕ್ಕೆ ವೈದ್ಯರಿದ್ದಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಜಿಲ್ಲೆಯಿಂದ ಬಹಳ ದೂರವೇನಿಲ್ಲ. ಮಾತ್ರೆ ನುಂಗುವುದು ಅವಿಶ್ವಾಸವೆಂದು ಹೇಳುವವರು ಆ ದೂತ ತಂದ ರೊಟ್ಟಿಯನ್ನು ಸರಿಯಾಗಿ ನೋಡಿಲ್ಲ.

ಹೊಸ ಬಲದ ಬಗ್ಗೆ ಎಲ್ಲರಿಗೂ ಬಾಯಿಪಾಠವಿರುವ ಮಾತು ಯೆಶಾಯ 40:31. ದೇವರನ್ನು ಎದುರುನೋಡುವವರು ಹದ್ದಿನಂತೆ ಏರುತ್ತಾರೆ, ಓಡಿದರೂ ದಣಿಯರು, ನಡೆದರೂ ಬಳಲರು. ಕ್ಯಾಲೆಂಡರಿನಲ್ಲಿ ಹದ್ದಿನ ಚಿತ್ರವೇ ಇರುತ್ತದೆ, ನಡೆಯುವವನ ಚಿತ್ರ ಹಾಕಿದ್ದನ್ನು ಯಾರೂ ಕಂಡಿರಲಿಕ್ಕಿಲ್ಲ. ಆದರೆ ಕ್ರಮ ಗಮನಿಸಿ: ಹಾರು, ಓಡು, ನಡೆ. ವೇಗ ಇಳಿಯುತ್ತ ಬರುತ್ತದೆ, ವಾಗ್ದಾನ ಕೊನೆಗೆ ನಿಲ್ಲುವುದು ನಡಿಗೆಯಲ್ಲಿ. ‘ಹೊಸದಾಗಿ ಹೊಂದುವರು’ ಎಂಬಲ್ಲಿ ಹೀಬ್ರೂ ಪದದ ಅರ್ಥ ಬದಲಾಯಿಸಿಕೊಳ್ಳುವುದು, ಬಟ್ಟೆ ಬದಲಿಸಿದ ಹಾಗೆ. ನಮ್ಮ ಬಲಕ್ಕೆ ಇನ್ನಷ್ಟು ಸೇರಿಸುವ ಮಾತಲ್ಲ, ನಮ್ಮದನ್ನು ಕಳಚಿಟ್ಟು ಬೇರೆಯದನ್ನು ತೊಡುವ ಮಾತು.

ಧ್ಯಾನಕೂಟಗಳಿಗೆ ಹೋಗಿಬಂದವರು ಎಡವುವುದು ಇಲ್ಲಿ. ಕೊಂಕಣ ರೈಲು ಹತ್ತಿ ಹೋಗಿ ಐದು ದಿನ ಹಾಡು, ಕಣ್ಣೀರು, ಪ್ರವಚನಗಳಲ್ಲಿ ಮಿಂದು ಬಂದವರಿಗೆ ಸೋಮವಾರದ ಮೀನುಪೇಟೆ, ಕಚೇರಿ, ಅತ್ತೆಯ ಮುಖ ಎಲ್ಲ ಹಾಗೇ ಇರುತ್ತವೆ. ಮೂರು ವಾರದಲ್ಲಿ ಬಿಸಿ ಆರುತ್ತದೆ. ಆಮೇಲೆ ಇನ್ನೊಂದು ಕೂಟ, ಇನ್ನೂ ಜೋರಿನ ಬೋಧಕರು. ಕೂಟದಲ್ಲಿ ದೋಷವಿಲ್ಲ, ಬಂದ ಬಿಸಿಯನ್ನು ಇಟ್ಟುಕೊಳ್ಳಲು ಮನೆಯಲ್ಲಿ ಒಲೆಯಿಲ್ಲ ಅಷ್ಟೆ. ಹೋಗುವ ಮೊದಲೇ ಮನೆಯಲ್ಲಿ ದಿನಕ್ಕೆ 15 ನಿಮಿಷ, ಒಂದು ಜಾಗ, ಒಂದು ಹೊತ್ತು ಗೊತ್ತುಮಾಡಿಕೊಂಡು ಒಂದು ತಿಂಗಳು ನಡೆಸಿ. ಅದು ತಪ್ಪದೆ ನಡೆದುಬಂದಿದ್ದರೆ ಹೋಗಿ, ಇಲ್ಲದಿದ್ದರೆ ಟಿಕೆಟ್ಟಿನ ದುಡ್ಡು ಉಳಿಸಿ.

ಆ 15 ನಿಮಿಷ ಹೀಗೆ ಹಂಚಿಹೋಗಬಹುದು. ಎರಡು ನಿಮಿಷ ಸುಮ್ಮನೆ, ಬೆನ್ನು ನೇರ, ಉಸಿರು ತಾನಾಗಿ ನಿಧಾನವಾಗಲಿ. ಮೂರು ನಿಮಿಷ ಒಂದು ಕೀರ್ತನೆ, ಬಾಯಿಬಿಟ್ಟು. ನಾಲ್ಕು ನಿಮಿಷ ಶುಭಸಂದೇಶದ ಐದಾರು ವಚನ, ಎರಡು ಸಲ. ನಾಲ್ಕು ನಿಮಿಷ ಅದರಲ್ಲಿ ತಡೆದ ಒಂದೇ ಮಾತಿನ ಮುಂದೆ ಕುಳಿತು, ಹೇಳಬೇಕಾದ್ದನ್ನು ದೇವರಿಗೆ ಹೇಳುವುದು. ಕೊನೆಯ ಎರಡು ನಿಮಿಷ ಬೇರೆಯವರಿಗಾಗಿ, ಹೆಸರು ಹಿಡಿದು. ಓದು, ಮನನ, ಪ್ರಾರ್ಥನೆ, ಮೌನ ಎಂಬ ನಾಲ್ಕು ಮೆಟ್ಟಿಲನ್ನು 12ನೇ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೇ ಗೀಗೊ ಬರೆದಿಟ್ಟಿದ್ದಾನೆ, ಇದು ಅದರದೇ ಬಡವರ ರೂಪ. ಬೈಬಲನ್ನು ಸಿಕ್ಕ ಕಡೆ ತೆರೆದು ಬೆರಳಿಡುವುದು ಬೇಡ, ಅದು ಶಕುನ ಕೇಳುವ ಕೆಲಸ.

ಕೀರ್ತನೆಗಳು 150. ತಾರೀಖಿನ ಅಂಕಿಗೆ 30 ಕೂಡಿಸುತ್ತ ಹೋದರೆ ದಿನಕ್ಕೆ ಐದು ಸಿಗುತ್ತವೆ: 7ನೇ ತಾರೀಖಿಗೆ 7, 37, 67, 97, 127. ಐದರಲ್ಲಿ ಇಂದಿನ ಮನಸ್ಸಿಗೆ ಹೊಂದುವ ಒಂದನ್ನು ಓದಿ, ಸಮಯವಿದ್ದವರು ಐದನ್ನೂ ಓದಿ. 29ಕ್ಕೆ 119ನೇ ಕೀರ್ತನೆ ಬರುತ್ತದೆ, 176 ವಚನ, ಅದನ್ನು 31ಕ್ಕೆ ದೂಡಿದರೂ ನಡೆಯುತ್ತದೆ. ಕಾಯಿಲೆ, ಸಾಲ, ದುಃಖದಲ್ಲಿರುವವರು 88ನ್ನು ಬಿಟ್ಟುಹೋಗದಿರಿ. ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು. ಅದನ್ನು ತೆಗೆದುಹಾಕಬೇಕೆಂದು ಯಾರಿಗೂ ತೋರಲಿಲ್ಲ ಎಂಬುದೇ ದೊಡ್ಡ ಆಸರೆ.

ಮಳೆಗಾಲದ ಆ 61 ದಿನಗಳನ್ನೇ ಹಿಡಿಯುವವರಿಗೆ ಒಂದು ಲೆಕ್ಕ: ಲೂಕ 24 ಅಧ್ಯಾಯ, ಪ್ರೇಷಿತರ ಕಾರ್ಯಕಲಾಪಗಳು 28, ಒಟ್ಟು 52. ದಿನಕ್ಕೊಂದು ಓದಿದರೆ 9 ದಿನ ಕೈಯಲ್ಲಿ ಉಳಿಯುತ್ತವೆ. ಲೂಕನ ಮೊದಲ ಅಧ್ಯಾಯದಲ್ಲೇ 80 ವಚನವಿರುವುದರಿಂದ ಅದಕ್ಕೆ ಎರಡು ದಿನ ಕೊಡಿ. ಉಳಿದದ್ದು ಜ್ವರಕ್ಕೆ, ನೆಂಟರಿಗೆ. ಓದು ಮುದ್ರಿತ ಪುಸ್ತಕದಲ್ಲಿರಲಿ. ಶಿರಸಿ, ಯಲ್ಲಾಪುರದ ಕಡೆ ಆಷಾಢದಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದು ಪ್ರವಾದಿಗಳಿಗೂ ತಿಳಿಯದು, ಮೊಬೈಲಿನ ಬೈಬಲು ಅದರೊಂದಿಗೇ ಹೋಗುತ್ತದೆ. ಪುಸ್ತಕಕ್ಕೆ ಬೂಸಲು ಹಿಡಿಯದಂತೆ ಅಡಿಗೆಮನೆಯ ಬೆಚ್ಚಗಿನ ಕಡೆ ಇಡಿ.

ಯಾವ ಭಾಷೆಯಲ್ಲಿ? ನಮ್ಮ ಕರಾವಳಿಯ ಕಥೋಲಿಕರ ಮನೆಗಳಲ್ಲಿ ಸಂಜೆಯ ತೆರ್ಸ್ ಎಂದರೆ ಜಪಮಾಲೆ ಕೊಂಕಣಿಯಲ್ಲಿ, ಶಾಲೆ ಕಲಿತದ್ದು ಕನ್ನಡದಲ್ಲಿ, ಮೊಬೈಲಿನ ಹಾಡು ಇಂಗ್ಲಿಷಿನಲ್ಲಿ. 1831ರಿಂದಲೂ ಇಡೀ ಬೈಬಲು ಕನ್ನಡದಲ್ಲಿದೆ, ಬಳ್ಳಾರಿಯ ಜಾನ್ ಹ್ಯಾಂಡ್ಸರ ಶ್ರಮ. ಆ ಪರಂಪರೆಯ ಗಂಭೀರ ಕನ್ನಡ ಓದಲು ಚೆಂದ. ನಿಮ್ಮ ಸ್ವಂತ ಮಾತಿಗೆ ಮಾತ್ರ, ಜಗಳವಾಡುವಾಗ ತಾನಾಗಿ ಬಾಯಿಗೆ ಬರುವ ಭಾಷೆಯನ್ನೇ ಹಿಡಿಯಿರಿ. ತೆರ್ಸಿನ ಬಗ್ಗೆಯೂ ಒಂದು ಮಾತು: ಐದು ದಶಕ, 53 ನಮೋ ಮರಿಯ, ನಿಧಾನಕ್ಕೆ ಹೇಳಿದರೆ ಇಪ್ಪತ್ತು ನಿಮಿಷ. ಧಾರಾವಾಹಿ ಶುರುವಾಗುವ ಮೊದಲು ಮುಗಿಸಬೇಕೆಂದು ಹತ್ತು ನಿಮಿಷಕ್ಕೆ ಓಡಿಸುವುದಾದರೆ ಎರಡು ದಶಕ ಸರಿಯಾಗಿ ಹೇಳಿ ಏಳಿ.

ಒಣಗಿದ ದಿನಗಳು ಬಂದೇ ಬರುತ್ತವೆ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಇದಕ್ಕೆ ‘ಮಧ್ಯಾಹ್ನದ ದೆವ್ವ’ ಎಂದು ಹೆಸರಿಟ್ಟ. ಸೂರ್ಯ ಚಲಿಸುವುದೇ ಇಲ್ಲ, ಹಗಲಿಗೆ 50 ಗಂಟೆ ಇದ್ದಂತೆ ಕಾಣುತ್ತದೆ. ಸನ್ಯಾಸಿ ಪದೇ ಪದೇ ಕಿಟಕಿಯ ಕಡೆ ನೋಡುತ್ತಾನೆ, ಈ ಜಾಗ ಸರಿಯಿಲ್ಲ, ಇಲ್ಲಿಯವರಿಗೆ ಪ್ರೀತಿಯಿಲ್ಲ, ಬೇರೆಡೆ ಹೋದರೆ ಸರಿಹೋಗುತ್ತದೆ ಎಂದುಕೊಳ್ಳುತ್ತಾನೆ. ಮೇ ತಿಂಗಳ ಕಾರವಾರದ ಎರಡು ಗಂಟೆಯ ಸೆಕೆಯಲ್ಲಿ ಕುಳಿತವರಿಗೆ ಇದು ಹೊಸತಲ್ಲ. ಅವನ ಮದ್ದು: ಕೋಣೆ ಬಿಡಬೇಡ, ಕೈಗೆ ಕೆಲಸ ಕೊಡು. 1548ರಲ್ಲಿ ಅಚ್ಚಾದ, ಯೇಸುಸಭೆಯ ಸ್ಥಾಪಕ ಇಗ್ನೇಷಿಯಸರ ‘ಆಧ್ಯಾತ್ಮಿಕ ಸಾಧನೆಗಳು’ ಇನ್ನೂ ಖಚಿತವಾಗಿ ಹೇಳುತ್ತದೆ: ಮನಸ್ಸು ಒಣಗಿದ್ದಾಗ, ಹಸಿಯಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡ. ಪ್ರಾರ್ಥನೆ ಮೊಟಕು ಮಾಡಬೇಕೆನಿಸಿದರೆ ಗೊತ್ತುಮಾಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ಕೂರು. ನಮ್ಮ 15 ನಿಮಿಷಕ್ಕೆ ಅದು 16. ಸಭೆ ಬಿಡುವುದು, ಗಾಯನ ಮಂಡಳಿಗೆ ರಾಜೀನಾಮೆ, ಗುರುಗಳಿಗೆ ಉದ್ದದ ಪತ್ರ, ಇವೆಲ್ಲ ಮಳೆ ಬಂದ ಮೇಲೆ ಯೋಚಿಸಬಹುದು. ಇದೇ ಇಗ್ನೇಷಿಯಸರ ಸಂಗಾತಿ ಫ್ರಾನ್ಸಿಸ್ ಜೇವಿಯರ್. ಕುಮಟಾದ ಹತ್ತಿರದ ಚಂದಾವರದಲ್ಲಿ ಡಿಸೆಂಬರ್ 3ರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಸೇರುವುದು ಅವರ ಹೆಸರಿನಲ್ಲೇ.

ಉಪವಾಸದ ಮಾತು ಬೇಗ ಮುಗಿಸುತ್ತೇವೆ, ಏಕೆಂದರೆ ನಿಯಮ ಚಿಕ್ಕದು. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, 18ರಿಂದ 59 ವಯಸ್ಸಿನವರಿಗೆ ಒಂದು ಪೂರ್ತಿ ಊಟ, ಎರಡು ಸಣ್ಣ ಉಪಾಹಾರ. ಅವೆರಡೂ ಕೂಡಿ ಒಂದು ಊಟದಷ್ಟಾಗಬಾರದು. ಸಕ್ಕರೆ ಕಾಯಿಲೆಯವರು, ಬಸುರಿಯರು, ಬಾಣಂತಿಯರು ಮಾಡಬೇಕಿಲ್ಲ. ಮಾಂಸ ಬಿಡುವುದು 14 ತುಂಬಿದವರಿಗೆಲ್ಲ ಅನ್ವಯ, ಮೀನಿಗೆ ತಡೆಯಿಲ್ಲ. ನಮ್ಮ ಕಡೆ ತಮಾಷೆಯಾಗುವುದು ಇಲ್ಲೇ. ತಪಸ್ಸುಕಾಲದ ಶುಕ್ರವಾರ ಕೋಳಿ ಬಿಟ್ಟು ಇಸೋಣದ ಫ್ರೈ, ಬಂಗಡೆ ಪಳದಿ ಉಂಡವನು ಕಾನೂನು ಮುರಿದಿಲ್ಲ. ತ್ಯಾಗ ಮಾಡಿದ್ದಾನೆಂದು ಮಾತ್ರ ಹೇಳಬೇಡಿ. ಕರಾವಳಿಯವನ ಉಪವಾಸಕ್ಕೆ ಮೀನೇ ಅಳತೆಗೋಲು. ಶುಕ್ರವಾರ ಗಂಜಿ, ಉಪ್ಪಿನಕಾಯಿ ಉಂಡು ಆ ದಿನದ ಮೀನಿನ ದುಡ್ಡನ್ನು ಡಬ್ಬಿಗೆ ಹಾಕಿ, ಈಸ್ಟರಿಗೆ ಮುಂಚೆ ಅಗತ್ಯವಿರುವ ಮನೆಗೆ ಮುಟ್ಟಿಸಿದರೆ ಯೆಶಾಯ 58ನೇ ಅಧ್ಯಾಯ ಕೇಳುವ ಉಪವಾಸಕ್ಕೆ ಹತ್ತಿರ ಬಂದಂತೆ.

ಆಗಸ್ಟಿಗೆ ದೋಣಿಗಳು ಮತ್ತೆ ಹೊರಡುತ್ತವೆ. ಎರಡು ತಿಂಗಳು ಕುಳಿತು ಸರಿಮಾಡಿದ ಬಲೆ ಮೊದಲ ವಾರವೇ ಕಲ್ಲಿಗೆ ಸಿಕ್ಕಿ ಹರಿಯಬಹುದು, ಅದಕ್ಕೇ ದಾರ, ಸೂಜಿ ದೋಣಿಯಲ್ಲೇ ಇರುತ್ತವೆ. ಸಂಜೆಯ ಆತ್ಮಶೋಧನೆ ಅಂಥ ಸೂಜಿ. ಹತ್ತು ನಿಮಿಷ, ಐದು ಹೆಜ್ಜೆ, ಇದೂ ಇಗ್ನೇಷಿಯಸರದೇ. ಮೊದಲು ಕೃತಜ್ಞತೆ, ಇಂದಿನದೇ ಮೂರು ವಿಷಯಕ್ಕೆ: ಸಿಕ್ಕಿದ ಬಸ್ಸು, ಕಡಿಮೆಯಾದ ಜ್ವರ, ಯಾರೋ ಕೊಟ್ಟ ಪಾತ್ರೆ ತುಂಬ ತಾರ್ಲೆ ಮೀನು. ಎರಡನೆಯದು, ಸರಿಯಾಗಿ ನೋಡಲು ಬೆಳಕು ಬೇಡುವುದು. ಮೂರನೆಯದು, ಬೆಳಗಿನಿಂದ ಗಂಟೆಗಂಟೆಯಾಗಿ ದಿನವನ್ನು ನೋಡುವುದು. ಮಧ್ಯಾಹ್ನದ ದೇವಾಲಯದ ಗಂಟೆಯನ್ನು ಗುರುತಾಗಿ ಇಟ್ಟುಕೊಂಡರೆ ಅರ್ಧ ಅರ್ಧ ಮಾಡಿ ನೋಡಬಹುದು. ಎಲ್ಲಿ ದನಿ ಏರಿತು, ಎಲ್ಲಿ ಬೇಕಂತಲೇ ಸುಮ್ಮನಿದ್ದೆ? ನಾಲ್ಕನೆಯದು, ಅಲ್ಲಿ ಕಂಡ ತಪ್ಪಿಗೆ ಕ್ಷಮೆ ಕೇಳುವುದು. ಐದನೆಯದು ನಾಳೆಯ ಒಂದೇ ಕೆಲಸ. ‘ಇನ್ನು ಮುಂದೆ ತಾಳ್ಮೆಯಿಂದಿರುತ್ತೇನೆ’ ಎಂದು ಬರೆದರೆ ಲೆಕ್ಕಕ್ಕಿಲ್ಲ. ‘ಬೆಳಗ್ಗೆ ಹತ್ತರೊಳಗೆ ಅಣ್ಣನಿಗೆ ಫೋನ್’ ಎಂದು ಬರೆಯಬೇಕು. ಮೂರನೇ ಹೆಜ್ಜೆಯಲ್ಲೇ ನಿದ್ದೆ ಹತ್ತುವವರು ಹಾಸಿಗೆ ಬಿಟ್ಟು ಜಗಲಿಯ ಮೇಲೆ ಕೂರಲಿ, ಅಥವಾ ರಾತ್ರಿಯೂಟಕ್ಕೆ ಮೊದಲೇ ಮುಗಿಸಲಿ. ಹತ್ತು ನಿಮಿಷ ದಾಟಿದರೆ ಅಲ್ಲಿಗೇ ನಿಲ್ಲಿಸಿ ಮಲಗಿ.